ಡಿಜಿಟಲ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಯಾರಾದರೂ ನೋಡ್ತಾರಾ?

ತೊಗರಿ ಕಣಜ, ಕಲಬುರಗಿ: ಇಲ್ಲಿನ ದಾಲ್ ಮಿಲ್‌ಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡ್ತೀನಿ. ತೊಗರಿ ಆಮದಿನ ಸುದ್ದಿ ಬಂದರೆ ಸಾಕು, ಗಂಜ್ ತುಂಬಾ ಅದೇ ಮಾತು. ಆದರೆ 2025ರ ಜುಲೈನಲ್ಲಿ ಬ್ರಿಟನ್ ಜೊತೆ ಆದ ಒಪ್ಪಂದದಲ್ಲಿ ಡಿಜಿಟಲ್ ವ್ಯಾಪಾರಕ್ಕೇ ಒಂದು ಅಧ್ಯಾಯ ಇದೆ ಅಂತ ಗೊತ್ತಾಗಿದ್ದು ಸಹಿ ಬಿದ್ದ ಮೇಲೆ. ಇದಕ್ಕೆ ಸಂಸತ್ತಿನ ಒಪ್ಪಿಗೆ ಬೇಡವಾ? ರಾಜ್ಯವನ್ನಾದರೂ ಕೇಳ್ತಾರಾ?

ಕರಿಕೋಟು, ಬೀದರ್: ಎರಡೂ ಬೇಕಿಲ್ಲ. ವಿದೇಶಿ ಒಪ್ಪಂದ ಸಂವಿಧಾನದ ಕೇಂದ್ರ ಪಟ್ಟಿಯ (ಕೇಂದ್ರಕ್ಕೆ ಮಾತ್ರ ಅಧಿಕಾರ ಇರುವ ವಿಷಯಗಳ ಪಟ್ಟಿ) 14ನೇ ನಮೂದು, ಸರ್ಕಾರವೇ ಮಾತಾಡಿ ಸಹಿ ಹಾಕಬಹುದು. ಜಾರಿಗೆ ಕಾನೂನು ಬದಲಿಸಬೇಕಾದರೆ ಮಾತ್ರ ಸಂಸತ್ತಿಗೆ ಬರಬೇಕು, ಸಂವಿಧಾನದ 253ನೇ ವಿಧಿಯಲ್ಲಿ ಆಗಲೂ ರಾಜ್ಯಗಳ ಒಪ್ಪಿಗೆ ಕೇಳಬೇಕಿಲ್ಲ. ಬ್ರಿಟನ್‌ನಲ್ಲಿ ನೋಡ್ರಿ, 2010ರ ಕಾಯ್ದೆ ಪ್ರಕಾರ ಇಂಥ ಒಪ್ಪಂದವನ್ನು ಅನುಮೋದಿಸುವ ಮೊದಲು 21 ಕಲಾಪದ ದಿನ ಸಂಸತ್ತಿನ ಮುಂದೆ ಇಡಬೇಕು. ಒಂದೇ ಒಪ್ಪಂದ, ಅವರ ಎಂಪಿಗಳಿಗೆ ಪ್ರಶ್ನೆ ಕೇಳೋಕೆ ಟೈಮ್ ಸಿಗುತ್ತದೆ, ನಮ್ಮವರು ಪೇಪರ್‌ನಲ್ಲಿ ಓದ್ತಾರೆ.

ಭೀಮಾ ತೀರ, ಯಾದಗಿರಿ: ಸುಮ್ನೆ ಹೆದರಿಸಬೇಡ್ರಿ. ನಮ್ಮವರು ಇದರಲ್ಲಿ ಹುಷಾರಾಗಿಯೇ ಇದ್ದಾರೆ. ಡಬ್ಲ್ಯುಟಿಒದ (ವಿಶ್ವ ವ್ಯಾಪಾರ ಸಂಸ್ಥೆ) ಕೆಲವು ಸದಸ್ಯ ದೇಶಗಳು 2019ರಲ್ಲಿ ಶುರು ಮಾಡಿದ ಇ-ಕಾಮರ್ಸ್ ಮಾತುಕತೆಗೆ ಸೇರಲಿಲ್ಲ, ಅದೇ ವರ್ಷ ಆರ್‌ಸಿಇಪಿ ಅನ್ನೋ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದ ಬೇಡ ಅಂತ ಎದ್ದು ಬಂದರು. ಎಲ್ಲಾ ಬಯಲಲ್ಲಿಟ್ಟು ಚೌಕಾಸಿ ಆಗುತ್ತಾ? ಗಂಜ್‌ನಲ್ಲಿ ಖರೀದಿದಾರ ತನ್ನ ಕೊನೆಯ ರೇಟನ್ನು ಮೊದಲೇ ಹೇಳ್ತಾನಾ?

ಕರಿಕೋಟು, ಬೀದರ್: ರೇಟ್ ಗುಟ್ಟಾಗಿರಲಿ ಅಣ್ಣಾ, ಯಾವ ಮಾಲು ಮಾರಾಟಕ್ಕಿದೆ ಅಂತಾದರೂ ಹೇಳಬೇಕಲ್ಲ! ಹುಷಾರು ಅಂದ್ರಲ್ಲ, ಅದು ಸಡಿಲ ಆಗ್ತಿದೆ. 2022ರಲ್ಲಿ ಯುಎಇ ಜೊತೆ ಮಾಡಿದ ಡಿಜಿಟಲ್ ಅಧ್ಯಾಯದ ಮೇಲೆ ವ್ಯಾಜ್ಯ ಹೂಡುವಂತಿಲ್ಲ, ಅದು ಹೆಚ್ಚುಕಡಿಮೆ ಸಹಕಾರದ ಮಾತು. ಬ್ರಿಟನ್ ಒಪ್ಪಂದಕ್ಕೆ ಬಂದರೆ, ಅವರ ಕಂಪನಿ ಇಲ್ಲಿ ಸಾಫ್ಟ್‌ವೇರ್ ಮಾರಬೇಕಾದರೆ ಸೋರ್ಸ್ ಕೋಡ್ (ಸಾಫ್ಟ್‌ವೇರ್ ಬರೆದ ಮೂಲ ಸಾಲುಗಳು) ತೋರಿಸಲಿ ಅಂತ ಷರತ್ತು ಹಾಕುವಂತಿಲ್ಲ. ತನಿಖೆಗೆ ವಿನಾಯಿತಿ ಇದೆ, ನಿಜ. ಆದರೂ ನಾಳೆ ಸಾಲ ಕೊಡುವ ಆ್ಯಪ್‌ಗಳಿಗೆಲ್ಲ ಮೊದಲೇ ಕೋಡ್ ಪರೀಕ್ಷೆ ಕಡ್ಡಾಯ ಮಾಡೋಣ ಅಂದರೆ ಕೈ ಕಟ್ಟಿಕೊಂಡಂತೆ ಅಲ್ವಾ?

ತೊಗರಿ ಕಣಜ, ಕಲಬುರಗಿ: ಅಂದ್ರೆ ಆರ್‌ಟಿಐ ಹಾಕಲಾ?

ಕರಿಕೋಟು, ಬೀದರ್: ಮಾತುಕತೆ ನಡೆಯುವಾಗ ಹಾಕಿದರೆ ಮಾಹಿತಿ ಹಕ್ಕು ಕಾಯ್ದೆಯ 8(1)(ಎ) ಸೆಕ್ಷನ್ ತೋರಿಸಿ, ವಿದೇಶ ಸಂಬಂಧಕ್ಕೆ ಧಕ್ಕೆ ಅಂತ ವಾಪಸ್ ಕಳಿಸುವುದೇ ಜಾಸ್ತಿ. ವಾಣಿಜ್ಯದ ಸಂಸದೀಯ ಸ್ಥಾಯಿ ಸಮಿತಿಗೆ ಬರೆಯಿರಿ, ನಿಮ್ಮ ಸಂಸದರಿಗೂ ಒಂದು ಪ್ರತಿ. ಒಪ್ಪಂದದ ಪ್ರತಿ ವಾಣಿಜ್ಯ ಇಲಾಖೆ ವೆಬ್‌ಸೈಟ್‌ನಲ್ಲಿದೆ. ಸೋರ್ಸ್ ಕೋಡ್ ವಿಧಿಯ ಸಂಖ್ಯೆ ಹಾಕಿಯೇ ಕೇಳಿ, ಇಲ್ಲದಿದ್ದರೆ ಪತ್ರ ತಲುಪಿದೆ ಅಂತಷ್ಟೇ ಉತ್ತರ ಬರುತ್ತದೆ.