ಭಾನುವಾರದ ಪ್ರಶ್ನೋತ್ತರ: ಮನೆಯಲ್ಲೇ ಉಳಿದ ಮಕ್ಕಳ ಮನಸ್ಸು

ಅಡ್ಮಿನ್: 2021ರ ಜುಲೈ 11. ಇವತ್ತು ಸಂಜೆ 4ರಿಂದ 7ರವರೆಗೆ ನಮ್ಮ ಪೋಷಕರ ಗುಂಪಿನ ಪ್ರಶ್ನೆಗಳಿಗೆ, ಮಕ್ಕಳು ಮತ್ತು ಹದಿಹರೆಯದವರ ಜೊತೆ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಉತ್ತರ ಕೊಡ್ತಾರೆ. ಹೆಸರು ಹಾಕೋದು ಬೇಡ ಅನ್ನಿಸಿದವರು ನನಗೆ ಕಳಿಸಿ, ನಾನು ಹಾಕ್ತೀನಿ. ಯಾರ ಪ್ರಶ್ನೆಯ ಕೆಳಗೂ ಬುದ್ಧಿ ಹೇಳೋ ಕಾಮೆಂಟ್ ಬೇಡ.

(2022ರ ಅಕ್ಟೋಬರ್‌ನಲ್ಲಿ ಸೇರಿಸಿದ್ದು: ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಶುರುವಾಗಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಈ ನಂಬರನ್ನೂ ಬರೆದಿಟ್ಕೊಳ್ಳಿ.)

ಒಬ್ಬ ತಾಯಿ, ರಾಜಾಜಿನಗರ: ನಮಸ್ತೆ ಮೇಡಂ. ಮಗ ಎಸ್ಸೆಸ್ಸೆಲ್ಸಿ, 19ಕ್ಕೆ ಪರೀಕ್ಷೆ. ಬೆಳಗಿನ ಜಾವ ನಾಲ್ಕಕ್ಕೆ ಮಲಗಿ ಮಧ್ಯಾಹ್ನ ಹನ್ನೆರಡಕ್ಕೆ ಏಳ್ತಾನೆ. ರಾತ್ರಿಯೆಲ್ಲ ಓದ್ತೀನಿ ಅಂತಾನೆ, ಹೋಗಿ ನೋಡಿದ್ರೆ ಕೈಯಲ್ಲಿ ಮೊಬೈಲು. ಆನ್‌ಲೈನ್ ಕ್ಲಾಸಲ್ಲೂ ಕ್ಯಾಮೆರಾ ಆಫ್ ಮಾಡಿ ಹೊದ್ಕೊಂಡು ಮಲಗಿರ್ತಿದ್ದ. ಏನು ಕೇಳಿದ್ರೂ ಸಿಡುಕು. ನಿನ್ನೆ ಅವರಪ್ಪ ‘ಸೋಮಾರಿ’ ಅಂದಿದ್ದಕ್ಕೆ ತಟ್ಟೆ ತಳ್ಳಿ ಎದ್ದು ಹೋದ. ಮೊದಲು ಹೀಗಿರಲಿಲ್ಲ. ಇದು ಡಿಪ್ರೆಶನ್ನಾ?

ಉತ್ತರ: ನಮಸ್ತೆ ಅಮ್ಮ. ಇಷ್ಟು ಓದಿಕೊಂಡು ಡಿಪ್ರೆಶನ್ ಅಂತ ಹೇಳಿದರೆ ತಪ್ಪಾಗುತ್ತೆ. ಆದರೆ ಸೋಮಾರಿತನ ಅಲ್ಲ ಅಂತ ಧೈರ್ಯವಾಗಿ ಹೇಳ್ತೀನಿ.

ಅವನ ಒಂದೂವರೆ ವರ್ಷದ ಲೆಕ್ಕ ಹಾಕಿ ನೋಡಿ. 2020ರ ಮಾರ್ಚ್‌ನಲ್ಲಿ ಸ್ಕೂಲ್ ಮುಚ್ಚಿದಾಗ ಒಂಬತ್ತನೇ ಕ್ಲಾಸು. ಪರೀಕ್ಷೆ ಇಲ್ಲದೆ ಹತ್ತಕ್ಕೆ ಬಂದ. ಹತ್ತನೇ ಕ್ಲಾಸಿನ ಬಾಗಿಲು ತೆಗೆದದ್ದೇ ಈ ವರ್ಷ ಜನವರಿ 1ಕ್ಕೆ, ಏಪ್ರಿಲ್ ಕೊನೆಗೆ ಮತ್ತೆ ಲಾಕ್‌ಡೌನ್. ಜೂನ್‌ನಲ್ಲಿ ಆಗಬೇಕಿದ್ದ ಪರೀಕ್ಷೆ ಮುಂದಕ್ಕೆ ಹೋಯ್ತು. ಸೆಕೆಂಡ್ ಪಿಯುಸಿಯವರಿಗೆ ರದ್ದಾಯ್ತು, ಇವರಿಗೆ ಮಾತ್ರ ಉಳೀತು. ನಾಳೆ ಏನಾಗುತ್ತೋ ಅಂತ ಇಷ್ಟು ಕಾಲ ಕಾದ ಹುಡುಗ ಇವತ್ತಿನ ಕೆಲಸಕ್ಕೆ ಕೈ ಹಾಕೋಕೆ ಹಿಂಜರಿಯೋದು ಸಹಜ.

ನಿದ್ದೆಯ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನನ್ನ ಹತ್ತಿರ ಬರೋ ಹದಿಹರೆಯದವರಲ್ಲಿ ಬಹಳ ಜನರ ಕಥೆ ಅಲ್ಲಿಂದಲೇ ಶುರು. ಈ ವಯಸ್ಸಲ್ಲಿ ನಿದ್ದೆ ತರೋ ಮೆಲಟೋನಿನ್ ಅನ್ನೋ ಹಾರ್ಮೋನು ಮೈಯಲ್ಲಿ ಏರೋದೇ ನಮಗಿಂತ ಒಂದೆರಡು ಗಂಟೆ ತಡವಾಗಿ. ಸ್ಕೂಲ್ ಇದ್ದಾಗ ಬೆಳಗಿನ ಬಸ್ಸು, ಬಿಸಿಲು, ಪ್ರೇಯರ್ರು ಇವೆಲ್ಲ ಸೇರಿ ಆ ಗಡಿಯಾರವನ್ನ ದಿನಾ ಹಿಂದಕ್ಕೆ ಎಳೀತಿದ್ವು. ಈಗ ಎಳೆಯೋರು ಯಾರೂ ಇಲ್ಲ. ಅದಕ್ಕೆ ‘ಬೇಗ ಮಲಗು’ ಅಂತ ಹತ್ತು ಸಲ ಹೇಳಿದರೂ ಉಪಯೋಗ ಇಲ್ಲ, ನಿದ್ದೆ ಬಂದ್ರೆ ತಾನೇ ಮಲಗೋದು. ಏಳೋ ಹೊತ್ತನ್ನ ಹಿಡ್ಕೊಳ್ಳಿ. ನಾಳೆ ಹನ್ನೊಂದೂಕಾಲಿಗೆ ಎಬ್ಬಿಸಿ, ನಾಡಿದ್ದು ಹತ್ತೂವರೆಗೆ. ದಿನಕ್ಕೆ ಮುಕ್ಕಾಲು ಗಂಟೆ ಹಿಂದೆ ತಂದರೆ 18ರ ಹೊತ್ತಿಗೆ ಏಳು ಗಂಟೆಗೆ ಬರ್ತೀರಿ, ಪರೀಕ್ಷೆ ಹತ್ತೂವರೆಗೆ. ಎಬ್ಬಿಸಿದ ತಕ್ಷಣ ಕೈಗೆ ಕಾಫಿಯೋ ಹಾಲೋ ಕೊಟ್ಟು ಟೆರೇಸಿಗೆ ಕರ್ಕೊಂಡು ಹೋಗಿ. ಮೋಡ ಇದ್ರೂ ಪರವಾಗಿಲ್ಲ, ಕೋಣೆಯ ಟ್ಯೂಬ್‌ಲೈಟಿಗಿಂತ ಹೊರಗಿನ ಬೆಳಕು ಎಷ್ಟೋ ಪಟ್ಟು ಜಾಸ್ತಿ. ಇಪ್ಪತ್ತು ನಿಮಿಷ ಸಾಕು. ಮಧ್ಯಾಹ್ನ ಮಲಗೋದಾದ್ರೆ ಅರ್ಧ ಗಂಟೆ, ಅಷ್ಟೇ. ರಾತ್ರಿ ಹನ್ನೊಂದಕ್ಕೆ ಮನೆಯ ಎಲ್ಲ ಫೋನೂ ಹಾಲ್‌ನಲ್ಲಿ ಚಾರ್ಜಿಗೆ. ಎಲ್ಲ ಅಂದ್ರೆ ಅವರಪ್ಪಂದೂ.

ಪರೀಕ್ಷೆ ಬಗ್ಗೆ ಒಂದೇ ಮಾತು. 19ಕ್ಕೆ ಗಣಿತ, ವಿಜ್ಞಾನ, ಸಮಾಜ ಒಟ್ಟಿಗೆ, 22ಕ್ಕೆ ಭಾಷೆಗಳು, ಎಲ್ಲಾ ಬಹು ಆಯ್ಕೆ. ಯಾರನ್ನೂ ಫೇಲ್ ಮಾಡಲ್ಲ ಅಂತ ಸರ್ಕಾರವೇ ಹೇಳಿದೆ. ಇದು ಅವನಿಗೂ ಗೊತ್ತಿದೆ, ಆದರೆ ನಿಮ್ಮ ಬಾಯಿಂದ ಕೇಳೋದೇ ಬೇರೆ.

ಮಾತಾಡಬೇಕು ಅಂದ್ರೆ ಎದುರು ಕೂರಿಸ್ಕೊಂಡು ‘ಏನಾಗಿದೆ ನಿಂಗೆ’ ಅಂತ ಕೇಳಬೇಡಿ. ಗಾಡಿಯಲ್ಲಿ ಹಿಂದೆ ಕೂರಿಸ್ಕೊಂಡು ತರಕಾರಿಗೆ ಹೋಗಿ, ಇಲ್ಲಾ ಬೆಳ್ಳುಳ್ಳಿ ಬಿಡಿಸೋಕೆ ಪಕ್ಕದಲ್ಲಿ ಕೂರಿಸಿ. ಮುಖ ನೋಡಬೇಕಾಗಿಲ್ಲದಾಗ ಈ ವಯಸ್ಸಿನವರಿಗೆ ಮಾತು ಸಲೀಸಾಗಿ ಬರುತ್ತೆ.

ಯಾವಾಗ ಡಾಕ್ಟರ ಹತ್ತಿರ? ಎರಡು ವಾರಕ್ಕಿಂತ ಹೆಚ್ಚು ಕಾಲ, ಬಹುತೇಕ ಎಲ್ಲ ದಿನ ಮಂಕಾಗಿಯೋ ಸಿಡುಕಾಗಿಯೋ ಇದ್ದರೆ, ಸ್ನೇಹಿತರ ಫೋನನ್ನೂ ಎತ್ತದಿದ್ದರೆ, ಇಷ್ಟದ ಆಟ, ಊಟ ಯಾವುದೂ ಬೇಡ ಅನ್ನಿಸಿದರೆ, ‘ನಾನು ಯಾಕಾದ್ರೂ ಇದೀನೋ’ ಅನ್ನೋ ಥರದ ಮಾತು ಬಂದರೆ ಕಾಯಬೇಡಿ. ದೊಡ್ಡವರಲ್ಲಿ ಖಿನ್ನತೆ ಅಂದ್ರೆ ಬೇಸರ ಎದ್ದು ಕಾಣುತ್ತೆ. ಹದಿಹರೆಯದಲ್ಲಿ ಎಷ್ಟೋ ಸಲ ಕೋಪ ಮಾತ್ರ ಕಾಣುತ್ತೆ, ಅದಕ್ಕೇ ತಪ್ಪಿಹೋಗುತ್ತೆ.

ಅದೇ ಹುಡುಗನ ತಂದೆ: ಮೇಡಂ, ಸೋಮಾರಿ ಅಂದವನು ನಾನೇ. ಈಗ ಏನು ಮಾಡಲಿ?

ಉತ್ತರ: ಸರ್, ಇಲ್ಲಿ ಬಂದು ಕೇಳಿದ್ರಲ್ಲ, ಬಹಳ ಸಂತೋಷ ಆಯ್ತು. ಇವತ್ತು ರಾತ್ರಿ ಅವನ ರೂಮಿಗೆ ಹೋಗಿ ‘ನಿನ್ನೆ ಹಾಗಂದಿದ್ದು ತಪ್ಪಾಯ್ತು ಕಣೋ’ ಅಂದುಬಿಡಿ. ಅದರ ಹಿಂದೆ ‘ಆದ್ರೆ ನೀನೂ...’ ಅಂತ ಸೇರಿಸಬೇಡಿ. ಅಷ್ಟು ಹೇಳಿ ಎದ್ದು ಬನ್ನಿ, ಉತ್ತರಕ್ಕೆ ಕಾಯಬೇಡಿ.

ಒಬ್ಬ ತಂದೆ, ಲಗ್ಗೆರೆ: ಮೇಡಂ, ನಾನು ಆಟೋ ಓಡಿಸ್ತೀನಿ. ಒಂದು ರೂಮು, ಒಂದು ಅಡುಗೆಮನೆ. ಇಬ್ಬರು ಮಕ್ಕಳು, ಒಂದೇ ಫೋನು, ಅದೂ ನಾನು ಡ್ಯೂಟಿಗೆ ಹೋದ್ರೆ ನನ್ನ ಜೊತೆ. ಮಗಳು ಎಂಟನೇ ಕ್ಲಾಸು. ಮಾತೇ ಕಮ್ಮಿ ಮಾಡಿದಾಳೆ. ‘ನಂಗೇನೂ ಬರಲ್ಲ, ಸ್ಕೂಲ್ ಬಿಟ್ಬಿಡ್ತೀನಿ’ ಅಂತಾಳೆ. ಈ ಕೌನ್ಸೆಲಿಂಗ್ ಎಲ್ಲ ನಮ್ಮಂಥವರಿಗೆ ಆಗುತ್ತಾ?

ಉತ್ತರ: ಖಂಡಿತ ಆಗುತ್ತೆ ಅಣ್ಣ. ನಿಮ್ಹಾನ್ಸ್‌ನ 080-46110007 ಹೋದ ವರ್ಷ ಮೊದಲ ಲಾಕ್‌ಡೌನ್ ಹೊತ್ತಿಗೆ ಶುರುವಾದ ಸಹಾಯವಾಣಿ, ಕನ್ನಡದಲ್ಲಿ ಮಾತಾಡ್ತಾರೆ, ಫೀಸು ಇಲ್ಲ. ಮಗಳೇ ಮಾತಾಡಬಹುದು, ನೀವೂ ಮಾತಾಡಬಹುದು.

ಆದರೆ ನೀವು ಬರೆದದ್ದು ಓದಿದ್ರೆ ಅವಳ ಕಷ್ಟದಲ್ಲಿ ಅರ್ಧ ಮನಸ್ಸಿನದ್ದಲ್ಲ, ಫೋನಿನದ್ದು. ಕ್ಲಾಸ್ ಕೇಳಿಲ್ಲ, ಹೋಮ್‌ವರ್ಕ್ ಗೊತ್ತಿಲ್ಲ, ಗೆಳತಿಯರೆಲ್ಲ ಮುಂದೆ ಹೋದರು ಅನ್ನಿಸುತ್ತೆ. ಅದನ್ನ ಅವಳು ‘ನಂಗೇನೂ ಬರಲ್ಲ’ ಅಂತ ತನ್ನ ತಲೆಗೇ ಕಟ್ಕೊಂಡಿದ್ದಾಳೆ. ನೀವು ಬಾಯಿ ಬಿಟ್ಟು ಹೇಳಬೇಕು: ‘ನಿಂಗೆ ಬರಲ್ಲ ಅಂತಲ್ಲ ಕಣಮ್ಮ, ನಿಂಗೆ ಕಲಿಯೋಕೆ ಸಿಕ್ಕಿಲ್ಲ.’ ಈ ಎರಡಕ್ಕೂ ಇರೋ ವ್ಯತ್ಯಾಸ ಹದಿಮೂರು ವರ್ಷದ ಮಗುವಿಗೆ ಬಹಳ ದೊಡ್ಡದು.

ಆಮೇಲೆ ಕ್ಲಾಸ್ ಟೀಚರ್‌ಗೆ ಫೋನ್ ಮಾಡಿ, ಮುಚ್ಚುಮರೆ ಇಲ್ಲದೆ ಹೇಳಿ: ಫೋನ್ ರಾತ್ರಿ ಎಂಟರ ಮೇಲೆ ಸಿಗುತ್ತೆ, ಪಾಠ ಆವಾಗ ಕಳಿಸಿ ಅಂತ. ಎಷ್ಟೋ ಟೀಚರ್‌ಗಳು ಒಪ್ತಾರೆ, ಅವರಿಗೆ ಗೊತ್ತಿರಲ್ಲ ಅಷ್ಟೇ. ಟಿವಿ ಇದ್ರೆ ದೂರದರ್ಶನ ಚಂದನದಲ್ಲಿ ಸರ್ಕಾರದ ‘ಸಂವೇದ’ ಪಾಠಗಳ ಸಮಯ ಅವರನ್ನೇ ಕೇಳಿಕೊಳ್ಳಿ. ಹೆಣ್ಣುಮಗು ಮನೇಲಿದ್ರೆ ಪಾತ್ರೆ, ತಮ್ಮನ್ನ ನೋಡ್ಕೊಳ್ಳೋದು ಎಲ್ಲ ಅವಳ ಮೇಲೇ ಬೀಳುತ್ತೆ. ದಿನಕ್ಕೆ ಒಂದು ಗಂಟೆ ಆ ಮನೆಯಲ್ಲಿ ಅವಳನ್ನ ಯಾರೂ ಕರೀಬಾರದು ಅಂತ ನೀವೇ ನಿಯಮ ಮಾಡಿ.

ಇನ್ನೊಂದು. ಒಂದೇ ರೂಮಿನ ಮನೆಯಲ್ಲಿ ರಾತ್ರಿ ನೀವಿಬ್ಬರೂ ಪಿಸುಗುಟ್ಟೋ ಬಾಡಿಗೆ, ಆಟೋ ಕಂತು, ಸಾಲ ಎಲ್ಲಾ ಮಕ್ಕಳಿಗೆ ಕೇಳಿಸುತ್ತೆ. ಅರ್ಧಂಬರ್ಧ ಕೇಳಿಸ್ಕೊಂಡು ಪೂರ್ತಿ ಹೆದರ್ತಾರೆ. ‘ಸ್ಕೂಲ್ ಬಿಡ್ತೀನಿ’ ಅನ್ನೋದರ ಹಿಂದೆ ‘ಅಪ್ಪಂಗೆ ಖರ್ಚು ಕಮ್ಮಿ ಆಗ್ಲಿ’ ಅನ್ನೋದು ಇರಬಹುದು. ಕೇಳಿ ನೋಡಿ. ಇದ್ದದ್ದನ್ನ ಅಳತೆಯಲ್ಲಿ ಹೇಳಿ: ‘ಕಷ್ಟ ಇದೆ, ಈ ತಿಂಗಳ ಬಾಡಿಗೆ ಕಟ್ಟಾಗಿದೆ, ನಿನ್ನ ಓದು ನಿಲ್ಲಲ್ಲ.’

ಒಬ್ಬರು ಅತ್ತೆ, ನಾಗರಭಾವಿ: ಅಣ್ಣ ಮೇ ತಿಂಗಳಲ್ಲಿ ಕೋವಿಡ್‌ನಿಂದ ಹೋದರು. ಸುಮನಹಳ್ಳಿ ಚಿತಾಗಾರದಲ್ಲಿ ಆಂಬುಲೆನ್ಸ್ ಸಾಲು, ಮುಖ ನೋಡೋಕೂ ಆಗಲಿಲ್ಲ, ಕಾರ್ಯಕ್ಕೆ ಯಾರೂ ಸೇರೋ ಹಾಗಿರಲಿಲ್ಲ. ಅಣ್ಣನ ಮಗಳಿಗೆ ಹನ್ನೊಂದು ವರ್ಷ. ಒಂದು ಹನಿ ಕಣ್ಣೀರು ಹಾಕಿಲ್ಲ. ಆಡ್ತಾಳೆ, ಟಿವಿ ನೋಡ್ತಾಳೆ. ಅತ್ತಿಗೆ ಬಚ್ಚಲಿಗೆ ಹೋದ್ರೂ ಬಾಗಿಲ ಹತ್ತಿರ ನಿಂತಿರ್ತಾಳೆ. ನಾವು ಅವಳ ಮುಂದೆ ಅಣ್ಣನ ಮಾತೇ ಎತ್ತಲ್ಲ. ಸರಿ ಮಾಡ್ತಿದೀವಾ?

ಉತ್ತರ: ನಿಮ್ಮ ಮನೆಯ ದುಃಖಕ್ಕೆ ಏನು ಹೇಳಲಿ. ಬಾಗಿಲ ಹತ್ತಿರ ನಿಂತಿರ್ತಾಳೆ ಅಂತ ಬರೆದಿದೀರಲ್ಲ, ಅದೇ ಅವಳ ಅಳು. ‘ಅಪ್ಪ ಹೋದ ಹಾಗೆ ಅಮ್ಮನೂ ಹೋದ್ರೆ?’ ಅನ್ನೋ ಭಯ.

ಮಕ್ಕಳು ದುಃಖವನ್ನ ತುಂಡು ತುಂಡಾಗಿ ಪಡ್ತಾರೆ. ಹತ್ತು ನಿಮಿಷ ಅತ್ತು ಹನ್ನೊಂದನೇ ನಿಮಿಷಕ್ಕೆ ಆಡೋಕೆ ಹೋಗ್ತಾರೆ, ಮತ್ತೆ ರಾತ್ರಿ ಹೊಟ್ಟೆನೋವು ಅಂತಾರೆ. ಆಡಿದಳು ಅಂದ ಮಾತ್ರಕ್ಕೆ ಮರೆತಳು ಅಂತಲ್ಲ. ಮನೆಯಲ್ಲಿ ಯಾರೂ ಅಪ್ಪನ ಹೆಸರು ಎತ್ತದಿದ್ರೆ ಮಗು ತಿಳ್ಕೊಳ್ಳೋದು ಒಂದೇ: ಇದು ಮಾತಾಡಬಾರದ ವಿಷಯ.

ನನ್ನ ಹತ್ತಿರ ಬಂದಿದ್ದ ಒಂದು ಮಗು (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೀನಿ) ತೀರಿಹೋದ ಅಪ್ಪನ ಫೋನನ್ನ ದಿನಾ ರಾತ್ರಿ ಚಾರ್ಜಿಗೆ ಹಾಕ್ತಿತ್ತು. ಮನೆಯವರು ಹೆದರಿ ಫೋನನ್ನ ಬೀರುವಿನಲ್ಲಿ ಬಚ್ಚಿಟ್ಟರು. ಮಗು ಊಟ ಬಿಟ್ಟಿತು. ನಿಧಾನವಾಗಿ ಕೇಳಿದಾಗ ಗೊತ್ತಾಯ್ತು, ಆಸ್ಪತ್ರೆಯಿಂದ ಅಪ್ಪ ಕಳಿಸಿದ್ದ ಎಂಟು ಸೆಕೆಂಡಿನ ಒಂದು ವಾಯ್ಸ್ ಮೆಸೇಜ್ ಅದರಲ್ಲಿತ್ತು. ‘ಊಟ ಮಾಡಿದ್ಯಾ ಪುಟ್ಟಾ’ ಅಂತ, ಮಧ್ಯ ಕೆಮ್ಮು. ಚಾರ್ಜ್ ಹೋದ್ರೆ ಅದೂ ಹೋಗಿಬಿಡುತ್ತೆ ಅಂದ್ಕೊಂಡಿತ್ತು ಆ ಮಗು. ಅಮ್ಮನ ಫೋನಿಗೂ ಅಜ್ಜಿಯ ಫೋನಿಗೂ ಅದನ್ನ ಕಳಿಸಿ ತೋರಿಸಿದ ಮೇಲೆ, ಮೊದಲನೇ ಸಲ ಅಮ್ಮನ ತೊಡೆ ಮೇಲೆ ಬಿದ್ದು ಅತ್ತಿತು.

ನೀವು ಅಣ್ಣನ ಮಾತು ಎತ್ತಿ. ‘ನಿಮ್ಮಪ್ಪಂಗೆ ಈ ಉಪ್ಪಿಟ್ಟು ಕಂಡ್ರೆ ಆಗ್ತಿರಲಿಲ್ಲ’ ಅನ್ನೋವಷ್ಟು ಸಣ್ಣ ಮಾತು ಸಾಕು. ಅವಳ ಮುಂದೆ ಕಣ್ಣೀರು ಬಂದ್ರೆ ಬರಲಿ. ‘ಊರಿಗೆ ಹೋಗಿದಾರೆ’, ‘ದೇವರಿಗೆ ಇಷ್ಟ ಆದ್ರು’ ಅನ್ನೋದು ಬೇಡ. ದೇವರು ಇಷ್ಟಪಟ್ಟವರನ್ನ ಕರ್ಕೊಂಡು ಹೋಗ್ತಾನೆ ಅಂದ್ರೆ ಮಗು ಅಮ್ಮನ ಬಗ್ಗೆ ಇನ್ನೂ ಹೆದರುತ್ತೆ. ನೇರವಾಗಿ, ಕೋವಿಡ್‌ನಿಂದ ಶ್ವಾಸಕೋಶ ಕೆಟ್ಟು ತೀರಿಕೊಂಡರು, ಡಾಕ್ಟರು ಪ್ರಯತ್ನ ಮಾಡಿದರು ಅನ್ನಿ. ಜೊತೆಗೆ ಇದೊಂದನ್ನ ಅವಳು ಕೇಳದಿದ್ರೂ ಹೇಳಿ: ‘ಇದು ನಿನ್ನಿಂದ ಬಂದದ್ದಲ್ಲ.’ ತಾನು ಹೊರಗೆ ಆಡೋಕೆ ಹೋಗಿದ್ದಕ್ಕೇ ಮನೆಗೆ ಕೊರೊನಾ ಬಂತು ಅಂತ ಒಳಗೊಳಗೇ ನಂಬಿಕೊಂಡ ಎಷ್ಟೋ ಮಕ್ಕಳನ್ನ ಈ ಎರಡು ತಿಂಗಳಲ್ಲಿ ನೋಡಿದೀನಿ.

ಆಗ ಆಗದ ಕಾರ್ಯವನ್ನ ಈಗ ಮನೆಮಟ್ಟಿಗೆ ಮಾಡಿ. ಫೋಟೋ ಇಟ್ಟು, ಅಣ್ಣನಿಗೆ ಇಷ್ಟವಾದ ಅಡುಗೆ ಮಾಡಿ, ಹೂವು ಏರಿಸೋದು ಅವಳೇ ಮಾಡಲಿ, ಅವಳಿಗೆ ಇಷ್ಟ ಇದ್ರೆ. ಅತ್ತಿಗೆ ಹೊರಗೆ ಹೋಗುವಾಗ ಎಷ್ಟು ಹೊತ್ತಿಗೆ ಬರ್ತೀನಿ ಅಂತ ಹೇಳಿ ಹೋಗಲಿ, ಹೇಳಿದ ಹೊತ್ತಿಗೆ ಬರಲಿ. ಕೆಲವು ವಾರದಲ್ಲಿ ಬಾಗಿಲು ಕಾಯೋದು ಕಡಿಮೆಯಾಗಬೇಕು. ಆಗದಿದ್ರೆ, ನಿದ್ದೆ ಊಟ ಕೆಟ್ರೆ, ‘ನಾನೂ ಅಪ್ಪನ ಹತ್ತಿರ ಹೋಗ್ತೀನಿ’ ಅಂದ್ರೆ, ಮಕ್ಕಳ ಮನೋವೈದ್ಯರಿಗೆ ತೋರಿಸಿ. ಮತ್ತೆ ಅತ್ತಿಗೆಯನ್ನ ನೋಡ್ಕೊಳ್ಳಿ. ಗಂಡನನ್ನ ಕಳ್ಕೊಂಡ ಹೆಂಗಸಿಗೆ ‘ಮಗುಗೋಸ್ಕರ ಗಟ್ಟಿಯಾಗಿರು’ ಅನ್ನೋ ಬದಲು ಎರಡು ಹೊತ್ತಿನ ಅಡುಗೆ ನೀವು ಮಾಡಿ ಕೊಟ್ರೆ ಮಗುಗೂ ಒಳ್ಳೇದು.

ಹೆಸರು ಬೇಡ (ಅಡ್ಮಿನ್ ಮೂಲಕ): ನಾನು ಪೇರೆಂಟ್ ಅಲ್ಲ. 19 ವರ್ಷ, ಇಂಜಿನಿಯರಿಂಗ್. ಕಾಲೇಜನ್ನ ಲ್ಯಾಪ್‌ಟಾಪಲ್ಲೇ ನೋಡಿದೀನಿ. ಒಂದು ತಿಂಗಳಿಂದ ಯಾಕೆ ಬದುಕಿರಬೇಕು ಅನ್ನಿಸ್ತಿದೆ. ಮನೇಲಿ ಹೇಳಿದ್ರೆ ಅಮ್ಮ ಕುಸಿದು ಹೋಗ್ತಾರೆ. ಆಸ್ಪತ್ರೆಗೆ ಹೋದ್ರೆ ಪೊಲೀಸ್ ಕೇಸ್ ಆಗುತ್ತಾ? ಮನೆಗೆ ಹೇಳ್ತಾರಾ?

ಉತ್ತರ: ಬರೆದಿದ್ದು ಬಹಳ ಒಳ್ಳೇದು ಮಾಡಿದ್ರಿ. ಅಡ್ಮಿನ್ ಕೈಲಿ ನನ್ನ ನಂಬರ್ ನಿಮಗೆ ಕಳಿಸಿದೀನಿ, ಇವತ್ತೇ ಫೋನ್ ಮಾಡಿ, ಏಳು ಗಂಟೆ ಆದಮೇಲೂ ಪರವಾಗಿಲ್ಲ.

ನೇರವಾಗಿ ಕೇಳ್ತೀನಿ: ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ, ಹೇಗೆ ಅಂತಲೂ ಮನಸ್ಸಲ್ಲಿ ಓಡ್ತಿದೆಯಾ? ಹೌದು ಅನ್ನೋದಾದ್ರೆ ಈ ರಾತ್ರಿ ಒಬ್ಬರೇ ಇರಬೇಡಿ. ಅಣ್ಣ, ಅಕ್ಕ, ರೂಮ್‌ಮೇಟ್, ನಂಬಿಕೆ ಇರೋ ಒಬ್ಬರಿಗೆ ಈ ಮೆಸೇಜನ್ನೇ ಕಳಿಸಿ, ಹೊಸದಾಗಿ ಬರೆಯೋ ಶ್ರಮ ಬೇಡ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ದಿನದ 24 ಗಂಟೆ ತೆಗೆದಿರುತ್ತೆ. ಇಂಥ ಯೋಚನೆ ಬಂದಿದೆ ಅಂತ ಡಾಕ್ಟರಿಗೆ ಹೇಳಿದ್ರೆ ಯಾವ ಕೇಸೂ ಇಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಶಿಕ್ಷಿಸಬಾರದು ಅನ್ನುತ್ತೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ನಿಮಗೆ 18 ದಾಟಿದೆ, ನೀವೇ ಹೋಗಿ ತೋರಿಸ್ಕೋಬಹುದು. ನೀವು ಹೇಳಿದ್ದು ಗುಟ್ಟಾಗಿರಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ. ಪ್ರಾಣಕ್ಕೆ ಅಪಾಯ ಅನ್ನಿಸಿದಾಗ ಮಾತ್ರ, ಉಳಿಸೋಕೆ ಎಷ್ಟು ಬೇಕೋ ಅಷ್ಟು ಹೇಳ್ತಾರೆ.

ಅಮ್ಮ ಕುಸಿದು ಹೋಗ್ತಾರೆ ಅಂದ್ರಿ. ನನ್ನ ಮುಂದೆ ಕೂತ ಅಮ್ಮಂದಿರು ಮೊದಲು ಅಳ್ತಾರೆ, ನಿಜ. ಆಮೇಲೆ ‘ಇಷ್ಟು ದಿನ ಒಬ್ಬನೇ ಇಟ್ಕೊಂಡಿದ್ಯಲ್ಲೋ’ ಅಂತ ಕೈ ಹಿಡ್ಕೊತಾರೆ. ಹೇಳೋಕೆ ಕಷ್ಟ ಆದ್ರೆ ನಾನು ಜೊತೆಗಿರ್ತೀನಿ.

ಗುಂಪಿನ ಉಳಿದವರಿಗೆ: ಸಾಯೋ ಯೋಚನೆ ಬರ್ತಿದೆಯಾ ಅಂತ ಮಕ್ಕಳನ್ನ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ಹೆದರಬೇಡಿ. ಹಾಗಾಗಲ್ಲ. ಕೇಳಿದವರು ಒಬ್ಬರಾದ್ರೂ ಸಿಕ್ಕರು ಅಂತ ಹಗುರ ಆಗ್ತಾರೆ.

ಒಬ್ಬರು ಅಜ್ಜಿ, ಬಸವನಗುಡಿ: ಮೊಮ್ಮಗ ಇಡೀ ದಿನ ಫ್ರೀ ಫೈರ್ ಅಂತ ಆಡ್ತಾನಮ್ಮ. ಡಾಕ್ಟರು ಮಾತ್ರೆ ಕೊಟ್ರೆ ಅದಕ್ಕೇ ಅಂಟಿಕೊಂಡುಬಿಡ್ತಾನಾ?

ಉತ್ತರ: ಅಜ್ಜಿ, ಆಟಕ್ಕೆಲ್ಲ ಮಾತ್ರೆ ಕೊಡಲ್ಲ, ಗಾಬರಿ ಬೇಡ. ಸ್ನೇಹಿತರು ಸಿಗೋದು ಈಗ ಆ ಆಟದಲ್ಲೇ, ಆದ್ದರಿಂದ ಒಮ್ಮೆಲೇ ಕಿತ್ಕೋಬೇಡಿ. ಸಂಜೆ ಒಂದು ಗಂಟೆ ಮಾಸ್ಕ್ ಹಾಕಿಸಿ ಹೊರಗೆ ಆಡೋಕೆ ಬಿಟ್ಟು ಆಮೇಲೆ ಮೊಬೈಲ್ ಹೊತ್ತು ಇಳಿಸಿ. ಊಟ, ನಿದ್ದೆ, ಓದು ಬಿಟ್ಟು ಆಡೋ ಹಾಗಾಗಿದ್ರೆ ಇದಕ್ಕೆಂದೇ ನಿಮ್ಹಾನ್ಸ್‌ನಲ್ಲಿ ‘ಶಟ್ ಕ್ಲಿನಿಕ್’ ಇದೆ, 2014ರಿಂದ. ಮಾತ್ರೆ ಬಗ್ಗೆ: ಖಿನ್ನತೆಗೆ ಕೊಡೋ ಸಾಮಾನ್ಯ ಮಾತ್ರೆಗಳು ಚಟ ಹಿಡಿಸಲ್ಲ. ಆದರೆ ಹುಷಾರಾಯ್ತು ಅಂತ ಮನೆಯವರೇ ನಿಲ್ಲಿಸಬಾರದು.

ರಾಜಾಜಿನಗರದ ತಾಯಿ (ಜುಲೈ 23): ಮೇಡಂ, ನಿನ್ನೆ ಪರೀಕ್ಷೆ ಮುಗೀತು. ಏಳು ಗಂಟೆಗೆ ಬರಲಿಲ್ಲ, ಏಳೂಮುಕ್ಕಾಲಿಗೆ ಏಳ್ತಿದ್ದ. ಅವರಪ್ಪ ಸಾರಿ ಕೇಳಿದ ರಾತ್ರಿ ಏನೂ ಮಾತಾಡಲಿಲ್ಲ, ಬೆಳಿಗ್ಗೆ ಅಪ್ಪನ ಫೋನೂ ತನ್ನದೂ ಹಾಲ್‌ನಲ್ಲಿ ಜೊತೆಗಿಟ್ಟಿದ್ದ. ಇವತ್ತು ಮಾತ್ರ ಹತ್ತೂವರೆ ಆದ್ರೂ ಎದ್ದಿಲ್ಲ. ಎಬ್ಬಿಸಲಾ?

ಉತ್ತರ: ಇವತ್ತು ಮಲಗಲಿ ಅಮ್ಮ. ನಾಳೆ ಎಂಟಕ್ಕೆ ಎಬ್ಬಿಸಿ, ಟೆರೇಸಿಗೆ ಅವರಪ್ಪನ್ನೂ ಕರ್ಕೊಂಡು ಹೋಗಿ.