ಹೆನ್ರಿ ಬ್ರೌನ್ ಪಾರಾದ ಪೆಟ್ಟಿಗೆ: ಅಳತೆ ಎಷ್ಟು, ನಾಟಕಕ್ಕೆ ಮಾಡಿಸೋದು ಹೇಗೆ?

ಸಾಗರದ ಮೇಷ್ಟ್ರು:
ಅಮೆರಿಕದ ಗುಲಾಮಗಿರಿಯಿಂದ ಪೆಟ್ಟಿಗೆಯೊಳಗೆ ಕೂತು ಪಾರಾದ ಹೆನ್ರಿ ಬ್ರೌನ್ ಕಥೆಯನ್ನು ಹೈಸ್ಕೂಲ್ ವಾರ್ಷಿಕೋತ್ಸವಕ್ಕೆ ಆಡಿಸುತ್ತಿದ್ದೇವೆ. ಪೆಟ್ಟಿಗೆ ನಿಜಕ್ಕೂ ಎಷ್ಟು ದೊಡ್ಡದಿತ್ತು? ಹುಡುಗನನ್ನು ಹತ್ತು ನಿಮಿಷ ಒಳಗೆ ಕೂರಿಸಬಹುದಾ? ಯಾವ ಮರ ಹಾಕಿಸಲಿ?

ತುಂಗಾತೀರ:
ಮೇಷ್ಟ್ರೇ, ಉದ್ದ 3 ಅಡಿ, ಎತ್ತರ 2 ಅಡಿ 8 ಇಂಚು, ಅಗಲ 2 ಅಡಿ. ಬ್ರೌನ್ ಸುಮಾರು 90 ಕಿಲೋ ಆಳು. ಒಳಗೆ ಚೀಲದಲ್ಲಿ ನೀರು, ನಾಲ್ಕಾರು ಬಿಸ್ಕತ್ತು, ಉಸಿರು ಕಟ್ಟಿದರೆ ತೂತು ಕೊರೆಯಲು ಒಂದು ಬೈರಿಗೆ, ಅಷ್ಟೇ. 1848ರಲ್ಲಿ ಅವನ ಹೆಂಡತಿ ಮಕ್ಕಳನ್ನು ಮಾರಿಬಿಟ್ಟಿದ್ದರು. ಕೆಲಸಕ್ಕೆ ರಜೆ ಸಿಗಲೆಂದು ಬೆರಳಿಗೆ ಆ್ಯಸಿಡ್ ಹಾಕಿಕೊಂಡ. 1849ರ ಮಾರ್ಚ್‌ನಲ್ಲಿ ಗುಲಾಮಗಿರಿ ಇದ್ದ ರಿಚ್ಮಂಡ್‌ನಿಂದ ಗುಲಾಮಗಿರಿ ಇಲ್ಲದ ಫಿಲಡೆಲ್ಫಿಯಾಕ್ಕೆ ಪಾರ್ಸೆಲ್ ಆಗಿ ಹೋದ. ಗಾಡಿ, ರೈಲು, ಹಡಗು ಸೇರಿ 27 ಗಂಟೆ.

‘ಈ ಬದಿ ಮೇಲೆ’ ಅಂತ ಬರೆದಿದ್ದರೂ ಹಮಾಲರು ಲಕ್ಷ್ಯ ಕೊಡಲಿಲ್ಲ. ಹಡಗಿನಲ್ಲಿ ತಲೆಕೆಳಗಾಗಿ ಬಿದ್ದು, ರಕ್ತವೆಲ್ಲ ತಲೆಗಿಳಿದು ಕಣ್ಣುಗುಡ್ಡೆ ಊದಿಕೊಂಡಿತು. ಆದರೂ ತುಟಿಪಿಟಿಕ್ ಅನ್ನಲಿಲ್ಲ. ನಿಂತು ಸುಸ್ತಾದ ಇಬ್ಬರು ಕೂರೋಕೆ ಜಾಗ ಬೇಕೆಂದು ಪೆಟ್ಟಿಗೆ ಹೊರಳಿಸಿದ್ದರಿಂದ ಜೀವ ಉಳಿಯಿತು. ಈ ದೃಶ್ಯ ಖಂಡಿತ ಬಿಡಬೇಡಿ.

ಸೊರಬ ಮರಗೆಲಸ:
ಗಾಳಿಯ ಲೆಕ್ಕ ಮೊದಲು ನೋಡಿ. ಪೆಟ್ಟಿಗೆಯಲ್ಲಿ 450 ಲೀಟರ್ ಜಾಗ, ಮೈ ಕಳೆದರೆ 360. ಸುಮ್ಮನೆ ಕೂತವನು ಗಂಟೆಗೆ ಸುಮಾರು 15 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಗಾಳಿಯಾಡದಿದ್ದರೆ ಒಂದೇ ಗಂಟೆಯಲ್ಲಿ ಅದು ಶೇ. 4 ಆಗಿ ತಲೆನೋವು, ಏದುಸಿರು ಶುರು. ಅವನನ್ನು ಕಾಪಾಡಿದ್ದು ಸಣ್ಣ ತೂತುಗಳು ಮತ್ತು ಹಲಗೆ ಸಂದಿಗಳೇ ಇರಬೇಕು.

ನೀವು ಸಿಲ್ವರ್ ಓಕ್ ರೀಪಿನ ಚೌಕಟ್ಟು ಮಾಡಿಸಿ, ಮುಂಬದಿಗೆ ಹಲಗೆ ಹೊಡೆಸಿ. ನಿಮ್ಮ ಕಡೆ ಸಾಮಿಲ್ಲಿನಲ್ಲೇ ಸಿಗುತ್ತೆ. ಹಸಿ ಮರ ಬೇಡ, ಒಣಗಿದಾಗ ತಿರುಚಿಕೊಂಡು ಮುಚ್ಚಳ ಕಚ್ಚಿಕೊಳ್ಳುತ್ತೆ. ಹಿಂಬದಿ ಪೂರ್ತಿ ತೆರೆದಿರಲಿ, ಬರೀ ಕಪ್ಪು ಬಟ್ಟೆ ಸಾಕು. ಮುಚ್ಚಳಕ್ಕೆ ಮೊಳೆ ಬೇಡವೇ ಬೇಡ, ಸುತ್ತಿಗೆ ಸದ್ದು ಪರದೆ ಹಿಂದಿನಿಂದ ಬರಲಿ.

ಸಾಗರದ ಮೇಷ್ಟ್ರು:
ತಲೆಕೆಳಗು ಮಾಡೋದು ಹೇಗೆ ಹಾಗಾದರೆ?

ಸೊರಬ ಮರಗೆಲಸ:
ಹುಡುಗ ಹಿಂದಿನಿಂದ ಜಾರಿ ಹೊರಗೆ ಬಂದ ಮೇಲೆ ಖಾಲಿ ಪೆಟ್ಟಿಗೆ ಹೊರಳಿಸಿ. ಅವನು ಒಳಗಿರುವಾಗ ಓರೆ ಮಾಡುವುದೂ ಬೇಡ, ಕುತ್ತಿಗೆಗೆ ಪೆಟ್ಟಾಗುತ್ತೆ.

ತುಂಗಾತೀರ:
ಇನ್ನೊಂದು, ಸಹಾಯ ಮಾಡಿದವರನ್ನು ಮರೆಯಬೇಡಿ. ಸ್ವತಂತ್ರ ಕಪ್ಪು ಗೆಳೆಯ ಜೇಮ್ಸ್ ಸ್ಮಿತ್, 86 ಡಾಲರ್ ತೆಗೆದುಕೊಂಡು ಪೆಟ್ಟಿಗೆ ಕಳಿಸಿದ ಬಿಳಿಯ ಸ್ಯಾಮ್ಯುಯೆಲ್ ಸ್ಮಿತ್, ಇಬ್ಬರೂ ಬೇಕು. ಸುದ್ದಿ ಎಲ್ಲೆಡೆ ಹಬ್ಬಿತು. ಈ ದಾರಿ ಬಯಲಾಗಿ ಉಳಿದವರಿಗೆ ಮುಚ್ಚಿಹೋಯಿತೆಂದು, ತಾವೂ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡುತ್ತಿದ್ದ ಫ್ರೆಡರಿಕ್ ಡಗ್ಲಸ್ ಆಮೇಲೆ ಆಕ್ಷೇಪಿಸಿದರು. ಸ್ಯಾಮ್ಯುಯೆಲ್ ಅದೇ ವರ್ಷ ಮತ್ತೆ ಕೆಲವರನ್ನು ಪೆಟ್ಟಿಗೆಯಲ್ಲಿ ಕಳಿಸಲು ಹೋಗಿ ಸಿಕ್ಕಿಬಿದ್ದು ಜೈಲು ಸೇರಿದ. ಫಿಲಡೆಲ್ಫಿಯಾದಲ್ಲಿ ಮುಚ್ಚಳ ತೆಗೆದಾಗಲೇ ಪರದೆ ಬಿಟ್ಟರೆ ಇದು ತಪ್ಪಿಹೋಗುತ್ತೆ, ಇನ್ನೊಂದು ಸಣ್ಣ ದೃಶ್ಯ ಸೇರಿಸಿ.