ಅಪ್‌ಡೇಟ್: ರಾತ್ರಿ ಬೆವರಿನ ಬಗ್ಗೆ ಕೇಳಿದ್ದೆ, ಡಾಕ್ಟರ್‌ಗೆ ತೋರಿಸಿ ಬಂದೆ

ಮುಟ್ಟು ಏರುಪೇರಾಗಿದೆ, ರಾತ್ರಿ ಮೈಯೆಲ್ಲ ಬೆವೆತು ಎಚ್ಚರವಾಗುತ್ತದೆ, ಇದು ಥೈರಾಯ್ಡಾ ಅಥವಾ ಮುಟ್ಟು ನಿಲ್ಲುವ ಕಾಲವಾ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಥೈರಾಯ್ಡ್, ಹಿಮೋಗ್ಲೋಬಿನ್ ಎರಡೂ ಸರಿಯಾಗಿವೆ. ನನಗೀಗ 48. ಇದು ಪೆರಿಮೆನೋಪಾಸ್, ಅಂದರೆ ಮುಟ್ಟು ಪೂರ್ತಿ ನಿಲ್ಲುವ ಮುಂಚಿನ ಕಾಲ ಅಂದರು ಡಾಕ್ಟರ್. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ನಿಂತಿತು ಎಂದು ಲೆಕ್ಕ. ಅಲ್ಲಿಯವರೆಗೆ ಬಸಿರಾಗುವ ಸಾಧ್ಯತೆ ಇದ್ದೇ ಇರುತ್ತದೆ. ಇದನ್ನು ನಮಗೆ ಯಾರೂ ಹೇಳುವುದೇ ಇಲ್ಲ, ಅಲ್ವಾ? ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಇಳಿದಾಗ, ಮೈಯ ಬಿಸಿ ನೋಡಿಕೊಳ್ಳುವ ಮೆದುಳಿನ ಭಾಗ ಚೂರು ಸೆಕೆಗೂ ಜಾಸ್ತಿ ಸ್ಪಂದಿಸುತ್ತದಂತೆ. ಬೆವರು ಅದಕ್ಕೇ.

ಈ ತೊಂದರೆಗೆ ಕೊಡುವ ಹಾರ್ಮೋನ್ ಮಾತ್ರೆ ತಗೊಂಡರೆ ಕ್ಯಾನ್ಸರ್ ಬರುತ್ತೆ ಎಂದು ಕೆಲವರು ಹೆದರಿಸಿದ್ದರು. ಅದನ್ನೇ ಬಿಡಿಸಿ ಕೇಳಿದೆ. 60 ದಾಟದ, ಮುಟ್ಟು ನಿಂತು 10 ವರ್ಷ ಮೀರದ ಆರೋಗ್ಯವಂತರಲ್ಲಿ, ಸೆಕೆ-ಬೆವರಿನ ಕಾಟ ಜೋರಾಗಿದ್ದರೆ, ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಮೊದಲೇ ಹೇಳಬೇಕು. ಸುಮ್ನೆ ಹೆದರಿ ನರಳುವುದಕ್ಕಿಂತ ಕೇಳಿ ತಿಳಿಯುವುದು ಒಳ್ಳೆಯದು ಅನ್ನಿಸಿತು.

ನಾನು ಸದ್ಯಕ್ಕೆ ಮಾತ್ರೆ ಶುರು ಮಾಡಿಲ್ಲ. ಸಂಜೆ ಕಾಫಿ ಬಿಟ್ಟೆ, ಹತ್ತಿ ನೈಟಿ, ಮಲಗುವಾಗ ಫ್ಯಾನ್. ನಿದ್ದೆ ಸ್ವಲ್ಪ ಸುಧಾರಿಸಿದೆ. ಮೂಳೆಗಾಗಿ ದಿನಾ ನಡಿಗೆ, ರಾಗಿ ಮುದ್ದೆ, ಮೊಸರು.

ಉತ್ತರ ಕೊಟ್ಟವರಲ್ಲಿ ಒಬ್ಬರು, ತಮ್ಮ ಅತ್ತಿಗೆಗೆ ಮುಟ್ಟು ನಿಂತು ಎರಡು ವರ್ಷದ ಮೇಲೆ ರಕ್ತ ಕಂಡಿದೆ ಎಂದು ಬರೆದಿದ್ದರಲ್ಲ, ಅವರನ್ನು ದಯವಿಟ್ಟು ಈ ವಾರವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಸ್ವಲ್ಪವೇ ಕಂಡರೂ ತೋರಿಸಲೇಬೇಕಂತೆ.